‘ಬಿಳಿಕಣ ಹೆಚ್ಚಿದೆ’ ಎಂದರೆ ರೋಗದ ಹೆಸರಾಯಿತೇ?

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಬಿಲ್ಲೆಯ ನಂಬರೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗೇಟಿನೊಳಗೆ ಕಾಲಿಟ್ಟೊಡನೆ ಹೆಸರು ಹೊರಗುಳಿಯುತ್ತಿತ್ತು. ನಂಬರು ಒಳಗೆ ಹೋಗುತ್ತಿತ್ತು. ಪಗಾರ ಬರುತ್ತಿದ್ದುದು ನಂಬರಿಗೆ, ದಂಡ ಬೀಳುತ್ತಿದ್ದುದೂ ನಂಬರಿಗೆ. ಗುಮಾಸ್ತನು ಒಂದು ಅಂಕೆಯನ್ನು ತಪ್ಪಿ ಬರೆದರೆ ಒಬ್ಬನ ಬೆವರು ಇನ್ನೊಬ್ಬನ ಲೆಕ್ಕಕ್ಕೆ ಸೇರುತ್ತಿತ್ತು. ಅದನ್ನು ಸರಿಪಡಿಸಿಕೊಳ್ಳಲು ತಿಂಗಳುಗಟ್ಟಲೆ ಖಾತೆಯಿಂದ ಖಾತೆಗೆ ಅಲೆಯಬೇಕಾಗುತ್ತಿತ್ತು. ಇಂದು ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿವೆ. ಆದರೆ ಬಿಲ್ಲೆಯ ನಂಬರು ಹೋಗಿಲ್ಲ. ಅದು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿದೆ. ಈಗ ಮನುಷ್ಯನಿಗಷ್ಟೇ ಅಲ್ಲ, ಅವನ ರೋಗಕ್ಕೂ ಒಂದು ನಂಬರು.

ಈ ನಂಬರಿನ ವಿಷಯವನ್ನು ನಾವು ಇಂದು ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಕಚೇರಿಗೆ ಒಬ್ಬ ಬಾಂಧವರು ಬಂದರು. ಹೆಸರು ಬೇಡ. ಕುಂದಾಪುರದ ಕಡೆಯವರು, ಹದಿನಾರು ವರ್ಷಗಳಿಂದ ಈ ಊರಿನ ಒಂದು ಸಣ್ಣ ಹೊಟೇಲಿನಲ್ಲಿ ವಡೆಯ ಬಾಣಲೆಯ ಮುಂದೆ ನಿಂತವರು. ಅವರ ಬಲ ಮುಂಗೈಯ ಮೇಲೆ ಕಾದ ಎಣ್ಣೆ ಸಿಡಿದು ಅಂಗೈಯಗಲ ಸುಟ್ಟಿತ್ತು. ಅಡುಗೆಮನೆಯಲ್ಲಿ ಇದು ದಿನನಿತ್ಯದ ಮಾತು. ಅರಿಸಿನ ಹಚ್ಚಿ, ಬಟ್ಟೆ ಕಟ್ಟಿ, ಮತ್ತೆ ಬಾಣಲೆಯ ಮುಂದೆ ನಿಂತರು. ಐದನೆಯ ದಿನ ಕೈ ಊದಿ ಕೆಂಪೇರಿತು, ಚಳಿಜ್ವರ ಬಂತು. ಹೊಟೇಲಿನ ಮೇನೇಜರರು ಅವರನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಸೇರಿಸುವಾಗ ಬರೆಯುವ ಮೇಜಿನ ಮುಂದೆ ನಿಂತು ಮೇನೇಜರರು ಹೇಳಿದ ಮಾತು ಒಂದೇ: “ಜ್ವರ ಎಂದು ಬರೆಯಿರಿ.”

ನಾಲ್ಕು ದಿನ ಸೂಜಿಯ ಮೂಲಕ ಔಷಧ ಕೊಟ್ಟರು. ಕೈ ಇಳಿಯಿತು, ಜ್ವರ ಬಿಟ್ಟಿತು. ಡಾಕ್ಟರರು ಒಳ್ಳೆಯವರೇ, ಚಿಕಿತ್ಸೆಯಲ್ಲಿ ಕೊರತೆಯಾಗಲಿಲ್ಲ. ಬಿಡುಗಡೆಯ ಕಾಗದದಲ್ಲಿ ಮಾತ್ರ ರೋಗದ ಹೆಸರಿನ ಎದುರು ‘ಲ್ಯೂಕೋಸೈಟೋಸಿಸ್’ ಎಂದಿತ್ತು. ಅದರ ಮುಂದೆ ‘ಡಿ 72.829’ ಎಂಬ ನಂಬರು. ಹೊಟೇಲಿನ ನೌಕರರಿಗಾಗಿ ಮಾಲಕರು ಮಾಡಿಸಿದ್ದ ಗುಂಪುವಿಮೆಯ ಕಂಪನಿಗೆ ಕಾಗದಗಳು ಹೋದವು. ಆರು ವಾರಗಳ ನಂತರ ಉತ್ತರ ಬಂತು: ಈ ರೋಗಿಯು ಆಸ್ಪತ್ರೆ ಸೇರಿದ್ದು ಕೇವಲ ತಪಾಸಣೆಗಾಗಿ, ಹಣ ಕೊಡಲಾಗುವುದಿಲ್ಲ. ಎರಡು ತಿಂಗಳ ಪಗಾರಕ್ಕೂ ಮಿಕ್ಕಿದ ಬಿಲ್ಲನ್ನು ಆತ ಸಾಲ ಮಾಡಿ ಕಟ್ಟಿದ್ದರು. ನಮ್ಮ ಎದುರು ಕುಳಿತು, ಕೈಯ ಕಲೆಯನ್ನು ತೋರಿಸಿ ಅವರು ಕೇಳಿದ ಪ್ರಶ್ನೆ ಇದು: “ಈ ಕೈಯನ್ನು ಅವರು ಯಾರೂ ನೋಡಲಿಲ್ಲವೇ?”

ನೋಡಿದ್ದರು. ಆದರೆ ಬರೆದಿರಲಿಲ್ಲ. ಈ ಎರಡರ ನಡುವಿನ ಅಂತರವೇ ಇಂದಿನ ನಮ್ಮ ವಿಷಯ.

ನಂಬರು ಬಂದ ದಾರಿ

ಮೊದಲಿಗೆ ಈ ನಂಬರು ಎಲ್ಲಿಂದ ಬಂತೆಂಬುದನ್ನು ತಿಳಿಯೋಣ. ಇದು ಯಾವುದೋ ವಿಮಾ ಕಂಪನಿಯವರು ಬಡವರನ್ನು ಸುಲಿಯಲು ಹೂಡಿದ ಹೂಟವಲ್ಲ. ಜನರು ಯಾವ ಯಾವ ರೋಗದಿಂದ ಸಾಯುತ್ತಿದ್ದಾರೆಂದು ಲೆಕ್ಕವಿಡುವ ಸದುದ್ದೇಶದಿಂದ ಹುಟ್ಟಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್ ಎಂಬವರು ಮರಣಗಳನ್ನು ಕಾರಣಗಳ ಪ್ರಕಾರ ವಿಂಗಡಿಸುವುದಕ್ಕಾಗಿ ದುಡಿದರು. ಪ್ಯಾರಿಸ್ಸಿನ ಜಾಕ್ ಬರ್ತಿಯೋಂ ಸಿದ್ಧಪಡಿಸಿದ ಪಟ್ಟಿಯನ್ನು 1893ರಲ್ಲಿ ಶಿಕಾಗೋದಲ್ಲಿ ಸೇರಿದ ಅಂಕಿಸಂಖ್ಯಾ ಪಂಡಿತರ ಸಭೆ ಒಪ್ಪಿಕೊಂಡಿತು. ಹತ್ತು ವರ್ಷಕ್ಕೊಮ್ಮೆ ಎನ್ನುವಂತೆ ಅದನ್ನು ತಿದ್ದುತ್ತ ಬಂದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕೆಲಸವನ್ನು ವಹಿಸಿಕೊಂಡು ಆರನೆಯ ಆವೃತ್ತಿಯನ್ನು ಹೊರತಂದಿತು. ಸಾವಿನ ಕಾರಣಗಳ ಜೊತೆಗೆ ಬದುಕಿರುವವರ ರೋಗಗಳೂ ಆಗ ಮೊದಲ ಬಾರಿಗೆ ಪಟ್ಟಿಯೊಳಗೆ ಬಂದವು. ಹತ್ತನೆಯ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು 2019ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ, ನಮ್ಮ ಕೈಗೆ ಬರುವ ಆಸ್ಪತ್ರೆಯ ಕಾಗದಗಳಲ್ಲಿ ಹತ್ತನೆಯದರ ನಂಬರುಗಳೇ ಕಾಣುತ್ತವೆ.

ಆ ಪಟ್ಟಿಯ ಕ್ರಮ ಸರಳ. ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕೆ, ಒಂದು ಚುಕ್ಕೆ, ಮತ್ತೆ ಅಂಕೆಗಳು. ಚಾಳಿನ ವಿಳಾಸವಿದ್ದಂತೆ: ಮೊದಲು ಕಟ್ಟಡ, ಆಮೇಲೆ ಮಾಳಿಗೆ, ಕಡೆಗೆ ಖೋಲಿ. ‘ಡಿ’ ಅಕ್ಷರದ 50ರಿಂದ 89ರ ವರೆಗೆ ರಕ್ತದ ರೋಗಗಳು. ಅದರಲ್ಲಿ 72 ಎಂಬುದು ಬಿಳಿಯ ಕಣಗಳ ‘ಇತರ’ ವಿಕಾರಗಳ ಮಾಳಿಗೆ. 72.1 ಎಂದರೆ ಇಯೋಸಿನೋಫಿಲ್ ಎಂಬ ಜಾತಿಯ ಕಣ ಹೆಚ್ಚಿರುವುದು. ಬಿಳಿಕಣಗಳ ಒಟ್ಟು ಏರಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ 72.8 ಎಂಬ ಒಂದೇ ಖೋಲಿ. ಅಮೆರಿಕದವರು ತಮ್ಮ ಬಳಕೆಗಾಗಿ ಅದೇ ಖೋಲಿಯಲ್ಲಿ ಹಲವು ಅಡ್ಡಗೋಡೆ ಹಾಕಿಕೊಂಡಿದ್ದಾರೆ: 72.820 ಲಿಂಫೊಸೈಟ್ ಹೆಚ್ಚಿದ್ದಕ್ಕೆ, 72.821 ಮೋನೊಸೈಟ್ ಹೆಚ್ಚಿದ್ದಕ್ಕೆ, 72.823 ರಕ್ತದ ಕ್ಯಾನ್ಸರಿನಂತೆ ಕಂಡರೂ ಕ್ಯಾನ್ಸರಲ್ಲದ ಭಾರಿ ಏರಿಕೆಗೆ, 72.828 ‘ಬೇರೆ ಬಗೆಯ’ ಏರಿಕೆಗೆ. ಎಲ್ಲದರ ಕೊನೆಗೆ 72.829. ಅದರ ಅರ್ಥ: ಬಿಳಿಕಣ ಹೆಚ್ಚಿದೆ, ಯಾವ ಬಗೆ ಎಂಬುದನ್ನು ಹೇಳಿಲ್ಲ. ನಮ್ಮ ಬಾಂಧವರ ಕಾಗದದಲ್ಲಿದ್ದುದು ಈ ಕೊನೆಯ ಖೋಲಿಯ ವಿಳಾಸ.

ಬಿಳಿಕಣ ಏನು ಹೇಳುತ್ತದೆ?

ಬಿಳಿಯ ರಕ್ತಕಣಗಳೆಂದರೆ ನಮ್ಮ ಮೈಯ ಕಾವಲುಗಾರರು. ದೊಡ್ಡವರಲ್ಲಿ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸಾಧಾರಣವಾಗಿ 4,000ದಿಂದ 11,000ದ ವರೆಗೆ ಇರುತ್ತವೆ. ಹುಣ್ಣು, ಕೀವು, ನ್ಯುಮೋನಿಯಾ, ಅಪೆಂಡಿಕ್ಸಿನ ಬಾವು ಇವು ಬಂದಾಗ ಸಂಖ್ಯೆ ಏರುತ್ತದೆ. ಸುಟ್ಟ ಗಾಯದಿಂದ ಏರುತ್ತದೆ. ದಮ್ಮಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆಯಿಂದ ಏರುತ್ತದೆ. ಗರ್ಭಿಣಿಯರಲ್ಲಿ ಏರುವುದು ಸಹಜ. ಬೀಡಿ ಸಿಗರೇಟು ಸೇದುವವರಲ್ಲಿ ಯಾವ ರೋಗವಿಲ್ಲದಿದ್ದರೂ ತುಸು ಮೇಲಿರುವುದುಂಟು. ಡೆಂಗೀ, ಟೈಫಾಯಿಡುಗಳಲ್ಲಾದರೋ ಸಾಮಾನ್ಯವಾಗಿ ಇಳಿಯುತ್ತದೆ. ಕೆಲವೇ ಕೆಲವರಲ್ಲಿ, ಇದೇ ಏರಿಕೆಯು ರಕ್ತದ ಕ್ಯಾನ್ಸರಿನ ಮೊದಲ ಗುರುತಾಗಿರುತ್ತದೆ. 1845ರಲ್ಲಿ ಬರ್ಲಿನ್ನಿನ ವಿರ್ಖೋ, ಎಡಿನ್‌ಬರೋದ ಬೆನೆಟ್ ಇಬ್ಬರೂ ಬೇರೆ ಬೇರೆಯಾಗಿ ಆ ರೋಗವನ್ನು ವಿವರಿಸಿದರು. ಬಣ್ಣ ಹಾಕಿ ಕಣಗಳ ಜಾತಿಗಳನ್ನು ಬೇರ್ಪಡಿಸುವ ವಿದ್ಯೆಯನ್ನು ಪಾಲ್ ಎರ್ಲಿಖ್ 1879ರ ಸುಮಾರಿಗೆ ತೋರಿಸಿಕೊಟ್ಟರು.

ಇದರಿಂದ ಒಂದು ಮಾತು ಸ್ಪಷ್ಟ. ಬಿಳಿಕಣದ ಏರಿಕೆ ರೋಗದ ಹೆಸರಲ್ಲ. ರೋಗವು ಬಾಗಿಲು ತಟ್ಟಿದ ಸದ್ದು. ಕಾವಲುಗಾರರು ಓಡುತ್ತಿದ್ದಾರೆಂದರೆ ಎಲ್ಲೋ ಏನೋ ಆಗಿದೆ. ‘ಕಾವಲುಗಾರರು ಓಡುತ್ತಿದ್ದರು’ ಎಂದಷ್ಟೇ ಬರೆದು ಪುಸ್ತಕ ಮುಚ್ಚಿದರೆ, ಕಳ್ಳತನ ಎಲ್ಲಿ ಆಯಿತು, ಬೆಂಕಿ ಎಲ್ಲಿ ಬಿತ್ತು ಎಂಬುದು ದಾಖಲೆಯಾಗಲಿಲ್ಲ. ನಂಬರು ಕೊಡುವ ಶಾಸ್ತ್ರದಲ್ಲಿಯೂ ಇದೇ ನಿಯಮವಿದೆ. ರೋಗ ಯಾವುದೆಂದು ನಿಶ್ಚಯವಾದ ಮೇಲೆ, ಆ ರೋಗದ ಜೊತೆಗೆ ಬಂದೇ ಬರುವ ಲಕ್ಷಣವನ್ನು ಮುಖ್ಯ ರೋಗವಾಗಿ ಬರೆಯತಕ್ಕದ್ದಲ್ಲ. ನಮ್ಮ ಬಾಂಧವರ ಕಾಗದದಲ್ಲಿ ಮುಖ್ಯವಾಗಿ ಬರಬೇಕಾಗಿದ್ದುದು ಕೈಯ ಚರ್ಮದಡಿಯ ಸೋಂಕು. ಅದಕ್ಕೆ ‘ಎಲ್ 03.1’ ಎಂಬ ನಂಬರು ಇದೆ. ಸುಟ್ಟ ಮುಂಗೈಗೆ ‘ಟಿ 22’ ಇದೆ. ಇಷ್ಟೇ ಅಲ್ಲ; ಬಿಸಿ ಪಾನೀಯ, ಆಹಾರ, ಅಡುಗೆ ಎಣ್ಣೆ ತಾಗಿ ಆದ ಗಾಯಕ್ಕೆಂದೇ ‘ಎಕ್ಸ್ 10’ ಎಂಬ ಪ್ರತ್ಯೇಕ ನಂಬರು ಆ ಪುಸ್ತಕದಲ್ಲಿ ಇದೆ! ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದರ ಮುಂದೆ ಇನ್ನೊಂದು ಅಂಕೆ ಸೇರಿಸಿದರೆ ಘಟನೆ ನಡೆದ ಸ್ಥಳವೂ ತಿಳಿಯುತ್ತದೆ. 0 ಎಂದರೆ ಮನೆ. 5 ಎಂದರೆ ವ್ಯಾಪಾರ ಹಾಗೂ ಸೇವೆಯ ಸ್ಥಳ, ಹೊಟೇಲು ಅದರಲ್ಲಿಯೇ ಬರುತ್ತದೆ. 6 ಎಂದರೆ ಕಾರಖಾನೆ.

ಬಾಣಲೆಯ ಎಣ್ಣೆ ಸಿಡಿದು ಕೈ ಸುಟ್ಟುಕೊಳ್ಳುವ ಅಡುಗೆಯವನೊಬ್ಬನು ಈ ಲೋಕದಲ್ಲಿದ್ದಾನೆಂಬುದು ಪಟ್ಟಿಯನ್ನು ಬರೆದವರ ನೆನಪಿಗೆ ಬಂದಿತ್ತು. ಅವನಿಗಾಗಿ ಅವರು ಒಂದು ಖೋಲಿಯನ್ನು ಕಾದಿರಿಸಿದ್ದರು. ನಮ್ಮ ಊರಿನ ಆಸ್ಪತ್ರೆಯ ಮೇಜಿನ ಮೇಲೆ ಮಾತ್ರ ಆ ಖೋಲಿಯ ಬೀಗ ತೆಗೆಯಲಿಲ್ಲ.

ಗಿರಣಿಯ ಎದೆ, ಕರಾವಳಿಯ ಸೊಳ್ಳೆ

ಇದು ಹೊಟೇಲಿನವರ ಗೋಳಷ್ಟೇ ಎಂದು ಗಿರಣಿಯ ಬಂಧುಗಳು ತಿಳಿಯಬಾರದು. ರಾತ್ರಿಯಲ್ಲಿ ಕೆಮ್ಮು, ಎದೆಯಲ್ಲಿ ಸೀಟಿ ಊದಿದಂತೆ ಸದ್ದು, ಸಣ್ಣ ಜ್ವರ, ಮೈ ಇಳಿಯುವುದು. ಇಂಥವರ ರಕ್ತ ನೋಡಿದರೆ ಇಯೋಸಿನೋಫಿಲ್ ಕಣಗಳು ಮಿತಿಮೀರಿ ಏರಿರುತ್ತವೆ. 1940ರಲ್ಲಿ ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯ ಡಾಕ್ಟರರಾದ ಫ್ರಿಮೋಟ್-ಮೊಲ್ಲರ್ ಹಾಗೂ ಬಾರ್ಟನ್ ಇವರು ಇಂಥ ರೋಗಿಗಳ ವಿಷಯವಾಗಿ ಬರೆದು, ಇದು ಕ್ಷಯದಂತೆ ತೋರುವ ಆದರೆ ಕ್ಷಯವಲ್ಲದ ಬೇರೊಂದು ಕಾಯಿಲೆ ಎಂದು ತೋರಿಸಿದರು. 1943ರಲ್ಲಿ ವೈನ್‌ಗಾರ್ಟನ್ ಎಂಬವರು ಇದಕ್ಕೆ ಉಷ್ಣವಲಯದ ಇಯೋಸಿನೋಫಿಲಿಯಾ ಎಂದು ಹೆಸರಿಟ್ಟರು. ಆನೆಕಾಲಿಗೆ ಕಾರಣವಾದ ಅದೇ ಫೈಲೇರಿಯಾ ಹುಳುಗಳಿಗೆ ಮೈಯು ತೋರುವ ಅತಿಯಾದ ಪ್ರತಿಭಟನೆಯೇ ಇದು ಎಂಬುದು ಆಮೇಲೆ ಗೊತ್ತಾಯಿತು. ಸೊಳ್ಳೆಯಿಂದ ಹರಡುವ ಆ ಹುಳು ನಮ್ಮ ಕಲಬುರ್ಗಿ, ಬೀದರ, ದಕ್ಷಿಣ ಕನ್ನಡದ ಕಡೆಗಳಲ್ಲಿ ಬಹುಕಾಲದಿಂದ ನೆಲೆಸಿದ್ದ ಶತ್ರು. ಅದಕ್ಕೆ ಡೈಈಥೈಲ್‌ಕಾರ್ಬಮಜೀನ್ ಎಂಬ ಅಗ್ಗದ ಮಾತ್ರೆಯಿದೆ. ಕೆಲವು ವಾರಗಳಲ್ಲಿ ರೋಗಿ ಚೇತರಿಸಿಕೊಳ್ಳುತ್ತಾನೆ.

ಇನ್ನು ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಇದೆ. ರಜೆ ಮುಗಿಸಿ ಮೊದಲ ದಿನ ಖಾತೆಯೊಳಗೆ ಹೋದಾಗ ಎದೆ ಬಿಗಿಯುವುದು ಅದರ ಗುರುತು. ಅದಕ್ಕೆ ‘ಜೆ 66.0’ ಎಂಬ ನಂಬರಿದೆ. ಕೆಲಸದಿಂದ ಬರುವ ರೋಗವೆಂದು ಕಾಯಿದೆಯ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ. ಆದರೆ ಹಳೆಯ ಗಿರಣಿಯವರಲ್ಲಿ ಎಷ್ಟು ಜನರ ಕಾಗದದಲ್ಲಿ ಆ ಹೆಸರು ಬಂದಿತ್ತು? ‘ದಮ್ಮು’, ‘ಹಳೆಯ ಕೆಮ್ಮು’, ‘ರಕ್ತದಲ್ಲಿ ದೋಷ’ ಎಂದು ಬರೆಸಿಕೊಂಡು ಊರಿಗೆ ಹೋದವರೇ ನಮಗೆ ಗೊತ್ತಿರುವವರಲ್ಲಿ ಹೆಚ್ಚು. ಮೂರು ಬೇರೆ ಬೇರೆ ರೋಗ: ಕ್ಷಯ, ಹುಳುವಿನ ಕೆಮ್ಮು, ಹತ್ತಿಯ ಕೆಮ್ಮು. ಮೂರಕ್ಕೂ ಮೂರು ಬೇರೆ ಔಷಧ, ಮೂರು ಬೇರೆ ಹಕ್ಕು. ಹೆಸರು ಬರೆಯದೆ ಬಿಟ್ಟರೆ ಮೂರೂ ಒಂದೇ ಕೆಮ್ಮು.

ಅಂಕೆಯ ಬೆಲೆ

ಹೆಸರಿನಲ್ಲೇನಿದೆ, ಔಷಧ ಸಿಕ್ಕಿದರೆ ಸಾಕು ಎನ್ನುವವರೂ ಇದ್ದಾರೆ. ಅಂಥವರು ಈ ಲೆಕ್ಕವನ್ನು ನೋಡಲಿ. ರಾಜ್ಯವಿಮೆಯಲ್ಲಿ, ಎಂದರೆ ನಾವು ಇಎಸ್‌ಐ ಎನ್ನುವ ಯೋಜನೆಯಲ್ಲಿ, ಸಾಮಾನ್ಯ ಕಾಯಿಲೆಗೆ ರಜೆ ಹಾಕಿದವರಿಗೆ ಪಗಾರದ ನೂರಕ್ಕೆ 70ರಂತೆ ವರ್ಷಕ್ಕೆ ಹೆಚ್ಚೆಂದರೆ 91 ದಿನ ಸಿಗುತ್ತದೆ. ಕೆಲಸದ ವೇಳೆಯಲ್ಲಿ ಆದ ಗಾಯವೆಂದು ದಾಖಲಾದರೆ ನೂರಕ್ಕೆ 90. ರಕ್ತದ ಕ್ಯಾನ್ಸರಿನಂಥ ಮಾರಕ ರೋಗವೆಂದು ಹೆಸರು ನಿಶ್ಚಯವಾದರೆ, ಚಂದಾ ಕಟ್ಟಿದ ಅವಧಿಯ ಶರತ್ತುಗಳಿಗೆ ಒಳಪಟ್ಟು, ನೂರಕ್ಕೆ 80ರಂತೆ ಎರಡು ವರ್ಷದ ವರೆಗೂ ಸಿಗಬಲ್ಲದು. ಅದೇ ಮನುಷ್ಯ, ಅದೇ ರಕ್ತ; ಕಾಗದದ ಮೇಲಿನ ಹೆಸರಿನಿಂದ ಮನೆಯ ಒಲೆ ಉರಿಯುವುದು ಅಥವಾ ಆರುವುದು.

ಖಾಸಗಿ ವಿಮೆಯಲ್ಲಿ ಈ ಮಾತು ಇನ್ನೂ ಗಟ್ಟಿ. ವಿಮಾ ನಿಯಂತ್ರಣ ಪ್ರಾಧಿಕಾರದವರು ನಿಗದಿಮಾಡಿದ ಹಣ ಕೇಳುವ ಅರ್ಜಿಯಲ್ಲಿ ಆಸ್ಪತ್ರೆಯವರು ತುಂಬಬೇಕಾದ ಭಾಗವೊಂದಿದೆ. ಅದರಲ್ಲಿ ಮುಖ್ಯ ರೋಗದ ನಂಬರು, ಜೊತೆಯ ರೋಗಗಳ ನಂಬರು ಎಂದು ಮನೆಗಳನ್ನು ಕೊರೆದಿಟ್ಟಿದ್ದಾರೆ. 2019ರಲ್ಲಿ ಅದೇ ಪ್ರಾಧಿಕಾರದವರು ಪಾಲಿಸಿಗಳಲ್ಲಿ ಯಾವುದಕ್ಕೆ ಹಣವಿಲ್ಲ ಎಂಬ ಶರತ್ತುಗಳ ಮಾತುಗಳನ್ನು ಏಕರೂಪಗೊಳಿಸಿದರು. ಅವುಗಳಲ್ಲಿ ನಾಲ್ಕನೆಯದು, ಮುಖ್ಯವಾಗಿ ತಪಾಸಣೆಗಾಗಿಯೇ ಆಸ್ಪತ್ರೆ ಸೇರಿದವರ ಖರ್ಚು ಸಲ್ಲದು ಎಂಬುದು. ಶರತ್ತು ಅನ್ಯಾಯದ್ದಲ್ಲ. ಆದರೆ ‘ಬಿಳಿಕಣ ಹೆಚ್ಚಿದೆ, ಬಗೆ ಹೇಳಿಲ್ಲ’ ಎಂದು ಬರೆದುಕೊಂಡು ಹೋದರೆ, ದೂರದ ಕಚೇರಿಯಲ್ಲಿ ಕುಳಿತ ಗುಮಾಸ್ತನಿಗೆ ಕಾಣುವುದೇನು? ರಕ್ತ ನೋಡಿದರು, ಅಂಕೆ ಹೆಚ್ಚಿತ್ತು, ಮನೆಗೆ ಕಳಿಸಿದರು, ಇಷ್ಟೇ. ಸುಟ್ಟ ಕೈ ಅವನ ಕಣ್ಣಿಗೆ ಬೀಳುವುದಿಲ್ಲ. ಅವನು ನಾಲ್ಕನೆಯ ಶರತ್ತಿನ ಮುದ್ರೆ ಒತ್ತುತ್ತಾನೆ.

ಇಲ್ಲಿ ನಾವು ಡಾಕ್ಟರರ ಪರವಾಗಿಯೂ ಒಂದು ಮಾತು ಹೇಳಬೇಕು. ‘ಬಗೆ ಹೇಳಿಲ್ಲ’ ಎಂಬ ನಂಬರು ಸ್ವತಃ ಕೆಟ್ಟದ್ದಲ್ಲ. ಕೆಲವು ಸಲ ಅದೇ ಪ್ರಾಮಾಣಿಕವಾದುದು. ಮೊದಲ ದಿನ ಬಂದ ರೋಗಿಯ ರಕ್ತದಲ್ಲಿ ಕಣ ಹೆಚ್ಚಿದೆ, ಕಾರಣ ತಿಳಿದಿಲ್ಲ ಎಂದಾಗ, ತಿಳಿದಿಲ್ಲವೆಂದೇ ಬರೆಯುವುದು ಸರಿ. ಅಂಕೆಯೊಂದನ್ನೇ ನೋಡಿ ಕ್ಯಾನ್ಸರೆಂದು ಬರೆದರೆ ಆ ಕುಟುಂಬ ಅಂದೇ ಅರ್ಧ ಸಾಯುತ್ತದೆ. ಸುಳ್ಳು ಹೆಸರು ಕಾಗದಕ್ಕೆ ಅಂಟಿಕೊಂಡರೆ ಮುಂದೆ ಬೇರೆ ವಿಮೆ ಮಾಡಿಸುವಾಗ ಹಳೆಯ ರೋಗವೆಂದು ಅದೇ ಎದುರು ನಿಲ್ಲುತ್ತದೆ. ಆದುದರಿಂದ ಹಣ ಸಿಗಲೆಂದು ದೊಡ್ಡ ರೋಗದ ಹೆಸರು ಬರೆಸಿಕೊಳ್ಳುವ ಚಾತುರ್ಯವನ್ನು ನಮ್ಮ ಬಾಂಧವರು ಎಂದಿಗೂ ಮಾಡಬಾರದು. ಅದನ್ನು ಕಲಿಸಿಕೊಡುವ ದಲ್ಲಾಳಿಗಳು ಆಸ್ಪತ್ರೆಯ ಅಂಗಳದಲ್ಲಿಯೇ ತಿರುಗುತ್ತಿರುತ್ತಾರೆ, ಅವರನ್ನು ದೂರವಿಡಿರಿ. ನಾವು ಕೇಳುವುದು ಸತ್ಯವಾದ ಹೆಸರು. ಹೆಚ್ಚಿನದೂ ಅಲ್ಲ, ಕಡಿಮೆಯದೂ ಅಲ್ಲ.

ಆದರೆ ‘ತಿಳಿದಿಲ್ಲ’ ಎಂಬುದು ದಾರಿಯಲ್ಲಿ ಸಿಗುವ ಚಾವಡಿ. ಅಲ್ಲಿಯೇ ಮನೆ ಕಟ್ಟಲಾಗದು. ಏರಿಕೆ ಹೋಗಲಿಲ್ಲವೆಂದರೆ ಮುಂದಿನ ಹೆಜ್ಜೆ ಇಡಲೇಬೇಕು: ಮತ್ತೊಮ್ಮೆ ರಕ್ತ, ಕಣಗಳ ಜಾತಿವಾರು ಲೆಕ್ಕ, ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ದೀರ್ಘಕಾಲದ ಮಯಲಾಯ್ಡ್ ಲ್ಯೂಕೀಮಿಯಾ ಎಂಬ ರಕ್ತದ ಕ್ಯಾನ್ಸರು, ‘ಸಿ 92.1’ ಎಂಬ ನಂಬರಿನದು, ಎಷ್ಟೋ ಸಲ ಬೇರೆ ಯಾವುದಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಬಿಳಿಕಣದ ಏರಿಕೆಯಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಒಂದು ಕಾಲಕ್ಕೆ ಅದು ಮರಣಶಾಸನವಾಗಿತ್ತು. 2001ರಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆ ಬಂದ ಮೇಲೆ ಬಹಳ ಮಂದಿ ಮಾತ್ರೆ ನುಂಗುತ್ತ ವರ್ಷಾನುವರ್ಷ ಕೆಲಸ ಮಾಡಿಕೊಂಡಿದ್ದಾರೆ. ಅದರ ಹೊಸ ಪೇಟೆಂಟಿನ ಬೇಡಿಕೆಯನ್ನು 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟು ತಳ್ಳಿಹಾಕಿತು; ಇಲ್ಲಿಯ ಕಂಪನಿಗಳು ಅಗ್ಗವಾಗಿ ಮಾಡಿದ ಮಾತ್ರೆ ಬಡವರ ಕೈಗೆಟಕುವಂತೆ ಉಳಿಯಿತು. ಗಿರಣಿಗಳ ನಡುವೆ, ಪರೇಲಿನಲ್ಲಿ, 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆ ನಿಂತಿದೆ. ಔಷಧವಿದೆ, ಆಸ್ಪತ್ರೆಯಿದೆ. ‘ಬಗೆ ಹೇಳಿಲ್ಲ’ ಎಂಬ ಕಾಗದವನ್ನು ಮಡಿಚಿ ಟ್ರಂಕಿನಲ್ಲಿಟ್ಟು ಊರಿಗೆ ಹೋದವನಿಗೆ ಮಾತ್ರ ಇವೆರಡೂ ಇಲ್ಲ.

ಅಮೆರಿಕದವರ ಕಾಗದ, ನಮ್ಮ ಮಕ್ಕಳ ಕೈ

ಇನ್ನೊಂದು ವಿಚಿತ್ರವನ್ನು ಹೇಳದೆ ಇರಲಾರೆವು. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಹತ್ತನೆಯ ಆವೃತ್ತಿ ಕಡ್ಡಾಯವಾಯಿತು. ನಂಬರಿಲ್ಲದೆ ಅಲ್ಲಿ ಯಾವ ಡಾಕ್ಟರನಿಗೂ ವಿಮೆಯ ಹಣ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಸುಮಾರು 14,000 ನಂಬರುಗಳಿದ್ದರೆ ಅವರ ಪಟ್ಟಿಯಲ್ಲಿ 70,000ಕ್ಕೂ ಮಿಕ್ಕಿ. ಅಷ್ಟೊಂದು ನಂಬರುಗಳನ್ನು ಹಾಕುವವರು ಯಾರು? ಅವರಲ್ಲಿ ಬಹಳ ಮಂದಿ ಚೆನ್ನೈ, ಹೈದರಾಬಾದು, ಬೆಂಗಳೂರುಗಳ ಕಚೇರಿಗಳಲ್ಲಿ ಕುಳಿತ ನಮ್ಮ ದೇಶದ ಹುಡುಗ ಹುಡುಗಿಯರು. ಹೊಟೇಲಿನಲ್ಲಿ ಲೋಟ ತೊಳೆದು ಓದಿಸಿದ ತಂದೆಯ ಮಗಳೊಬ್ಬಳು ಇಂಥ ಕಚೇರಿಯಲ್ಲಿ ದುಡಿಯುತ್ತಾಳೆ. ಆಕೆಯನ್ನು ಕೇಳಿದೆವು. ಆಕೆ ಹೇಳಿದಳು: “ರಕ್ತದ ಅಂಕೆ ಎಷ್ಟೇ ಏರಿರಲಿ, ಅದನ್ನು ನೋಡಿ ನಾವಾಗಿ ನಂಬರು ಹಾಕುವಂತಿಲ್ಲ ಅಣ್ಣ. ಇದಕ್ಕೆ ಇಂಥ ಅರ್ಥವಿದೆ ಎಂದು ಡಾಕ್ಟರರೇ ಬರೆದಿರಬೇಕು. ಬರೆಯದಿದ್ದರೆ ಪತ್ರ ಹಾಕಿ ಕೇಳುತ್ತೇವೆ. ಹೊರರೋಗಿಗೆ ‘ಇರಬಹುದು’, ‘ಸಂಶಯ’ ಎಂದು ಬರೆದಿದ್ದರೆ ಆ ರೋಗದ ನಂಬರನ್ನೂ ಹಾಕುವಂತಿಲ್ಲ.”

ನೋಡಿರಿ! ಸಮುದ್ರದಾಚೆಯ ರೋಗಿಗಾಗಿ ನಮ್ಮ ಮಗಳು ಡಾಕ್ಟರರಿಗೆ ಪತ್ರ ಹಾಕಿ ಕೇಳುತ್ತಾಳೆ. ಆಕೆಯ ತಂದೆಯ ಕಾಗದವನ್ನು ಮಾತ್ರ ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ವಿದ್ಯೆ ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. ನಮ್ಮ ಮನೆಯಲ್ಲಿಯೇ ಇದೆ. ಅದು ನಮ್ಮ ಬಳಕೆಗೆ ಬಂದಿಲ್ಲ, ಅಷ್ಟೇ.

ನಮ್ಮ ಬೇಡಿಕೆ, ನಮ್ಮ ಕರ್ತವ್ಯ

ಹೀಗಿರುವಾಗ ನಾವು ಏನು ಮಾಡತಕ್ಕದ್ದು? ಡಾಕ್ಟರರಿಗೆ ನಮ್ಮ ವಿನಂತಿ ಇಷ್ಟು: ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ರೋಗದ ಹೆಸರಿನ ಸಾಲನ್ನು ತಾವೇ ಒಮ್ಮೆ ಓದಿರಿ. ಲಕ್ಷಣವನ್ನು ಬರೆದಿದ್ದೀರೋ, ಕಾರಣವನ್ನು ಬರೆದಿದ್ದೀರೋ ನೋಡಿರಿ. ಕೆಲಸ ಯಾವುದೆಂದು ರೋಗಿಯನ್ನು ಕೇಳಿರಿ, ಕೇಳಿದ್ದನ್ನು ಬರೆಯಿರಿ. ಕಂಪ್ಯೂಟರಿನಲ್ಲಿ ಮೊದಲು ಕಂಡ ನಂಬರನ್ನು ಗುಮಾಸ್ತನು ಒತ್ತಿ ಕಳಿಸಿದರೆ ನಿಮ್ಮ ನಾಲ್ಕು ದಿನದ ಒಳ್ಳೆಯ ಚಿಕಿತ್ಸೆಯು ಕಾಗದದ ಮೇಲೆ ಶೂನ್ಯವಾಗುತ್ತದೆ.

ಹೊಟೇಲು ಮಾಲಕರಿಗೆ ನಮ್ಮ ಮಾತು ತುಸು ನೇರ. ನಿಮ್ಮಲ್ಲಿ ಹೆಚ್ಚಿನವರು ನಮ್ಮ ಊರುಗಳಿಂದಲೇ ಬಂದವರು. ಹಲವರು ಒಂದು ಕಾಲಕ್ಕೆ ಇದೇ ಬಾಣಲೆಯ ಮುಂದೆ ನಿಂತವರು. “ಜ್ವರ ಎಂದು ಬರೆಯಿರಿ” ಎಂಬ ಆ ಒಂದು ಮಾತಿನಿಂದ ನಿಮಗೆ ಉಳಿದದ್ದೇನು? ವಿಚಾರಣೆಯ ತೊಂದರೆ ತಪ್ಪಿತೆಂದು ನೀವು ತಿಳಿದಿರಿ. ಆದರೆ ವಿಮೆಗೆ ಹಣ ಕಟ್ಟಿದವರು ನೀವೇ. ಆ ವಿಮೆ ಕೈಕೊಟ್ಟಾಗ ನಿಮ್ಮ ಹಣವೂ ನೀರಿಗೆ ಹೋಯಿತು, ನಿಮ್ಮ ಮನುಷ್ಯನ ವಿಶ್ವಾಸವೂ ಹೋಯಿತು. ಸುಟ್ಟ ಗಾಯವನ್ನು ಸುಟ್ಟ ಗಾಯವೆಂದೇ ಬರೆಸಿರಿ. ಬಾಣಲೆಯ ಬಳಿ ಒಂದು ತಣ್ಣೀರಿನ ನಲ್ಲಿ, ಕೈಗೊಂದು ಉದ್ದನೆಯ ಕವಚ ಇವು ಎಷ್ಟರ ಖರ್ಚು? ಸುಟ್ಟವರ ಲೆಕ್ಕವೇ ಇಲ್ಲದಿದ್ದರೆ ನಲ್ಲಿ ಬೇಕೆಂದು ಯಾರಿಗೂ ತೋರುವುದಿಲ್ಲ. ಸತ್ಯವಾದ ನಂಬರಿನ ಕೊನೆಯ ಉಪಯೋಗ ಇದೇ.

ಇನ್ನು ನಮ್ಮವರಿಗೆ. ಆಸ್ಪತ್ರೆಯಿಂದ ಹೊರಡುವ ಮೊದಲು ಕಾಗದವನ್ನು ಓದಿಸಿ ಕೇಳಿರಿ. ನನಗೆ ಏನಾಗಿತ್ತು, ಅದು ಇಲ್ಲಿ ಬರೆದಿದೆಯೇ ಎಂಬ ಈ ಎರಡು ಪ್ರಶ್ನೆಗಳನ್ನು ಕೇಳಲು ಇಂಗ್ಲಿಷು ಬೇಡ, ಸಂಕೋಚವೂ ಬೇಡ. ಗಾಯ ಕೆಲಸದಲ್ಲಿ ಆದುದಾದರೆ ಅದನ್ನು ಮೊದಲ ದಿನವೇ ಹೇಳಿರಿ. ಧಣಿಗಳ ಮುಖ ನೋಡಿ ನುಂಗಿಕೊಳ್ಳಬೇಡಿರಿ. ರಕ್ತದ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡಿರಿ. ಒಂದು ಚೀಟಿ ಹೇಳದ್ದನ್ನು ನಾಲ್ಕು ಚೀಟಿ ಒಟ್ಟಾಗಿ ಹೇಳುತ್ತವೆ. ಒಳರೋಗಿಯ ದಾಖಲೆಗಳ ಪ್ರತಿಯನ್ನು ಕೇಳುವ ಹಕ್ಕು ನಿಮಗಿದೆ. ವೈದ್ಯರ ನಡವಳಿಕೆಯ 2002ರ ನಿಯಮಗಳಂತೆ, ಕೇಳಿದ 72 ಗಂಟೆಗಳೊಳಗೆ ಅವನ್ನು ಕೊಡಬೇಕು. ವಿಮೆಯವರು ಇಲ್ಲವೆಂದರೆ ಅಲ್ಲಿಗೆ ಮುಗಿಯಲಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರ ಕಚೇರಿಗೆ ದೂರು ಕೊಡಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಆ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ.

ನಮ್ಮ ವಡೆಯ ಬಾಂಧವರ ಕತೆ ಏನಾಯಿತೆಂದು ವಾಚಕರು ಕೇಳಬಹುದು. ಆಸ್ಪತ್ರೆಯ ಒಳದಾಖಲೆಗಳ ಪ್ರತಿಯನ್ನು ತರಿಸಿದೆವು. ದಾದಿಯರು ಬರೆದಿಟ್ಟ ಹಾಳೆಯಲ್ಲಿ, ಬಲ ಮುಂಗೈಯಲ್ಲಿ ಸುಟ್ಟ ಗಾಯ, ಊತ, ಕೀವು ಎಂದು ಮೂರು ದಿನವೂ ಸ್ಪಷ್ಟವಾಗಿ ಇತ್ತು. ಆ ತಾಯಂದಿರು ಕೈಯನ್ನು ನೋಡಿದ್ದರು, ಬರೆದೂ ಇದ್ದರು! ಮೇಲಿನ ಹಾಳೆಗೆ ಮಾತ್ರ ಅದು ಏರಲಿಲ್ಲ. ಅದನ್ನು ಡಾಕ್ಟರರ ಮುಂದಿಟ್ಟಾಗ ಅವರು ಒಂದು ಕ್ಷಣ ಸುಮ್ಮನಿದ್ದು, ತಮ್ಮ ಕೈಯಿಂದಲೇ ತಿದ್ದುಪಡಿಯ ಪತ್ರ ಬರೆದುಕೊಟ್ಟರು. ನಾಲ್ಕು ತಿಂಗಳ ಓಡಾಟದ ಮೇಲೆ ವಿಮೆಯ ಹಣ ಬಂತು. ಅಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿತ್ತು. ಆ ಬಡ್ಡಿಗೆ ಯಾವ ಪುಸ್ತಕದಲ್ಲಿಯೂ ನಂಬರಿಲ್ಲ.

ಆದುದರಿಂದ ನಮ್ಮ ಸಂಘದ ಮುಂದೆ ಈ ಸಲಹೆಯನ್ನು ಇಡುತ್ತೇವೆ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಕಚೇರಿಯಲ್ಲಿ ಒಂದು ಮೇಜು ಹಾಕೋಣ. ಆಸ್ಪತ್ರೆಯ ಕಾಗದ ತಂದವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳೋಣ. ನಂಬರು ಹಾಕುವ ಕೆಲಸ ಬಲ್ಲ ನಮ್ಮ ಮಕ್ಕಳು ಸರದಿಯ ಮೇಲೆ ಬಂದು ಕುಳಿತುಕೊಳ್ಳಲಿ. ಅರ್ಜಿ ಬರೆಯುವುದರಲ್ಲಿ ಪಳಗಿದ, ನಿವೃತ್ತರಾದ ಗಿರಣಿಯ ಗುಮಾಸ್ತರು ಅವರ ಪಕ್ಕದಲ್ಲಿರಲಿ. ಹಿಂದೆ ಹೊಟೇಲಿನ ಹುಡುಗರಿಗೆ ಅಕ್ಷರ ಕಲಿಸಲು ರಾತ್ರಿಶಾಲೆಗಳನ್ನು ತೆರೆದ ಜನ ನಾವು. ಪಾಟಿಯ ಮೇಲಿನ ಅಕ್ಷರ ಕಲಿತಾಯಿತು. ಈಗ ನಮ್ಮ ರಕ್ತದ ಮೇಲೆ ಇತರರು ಬರೆಯುತ್ತಿರುವ ಅಕ್ಷರವನ್ನು ಓದುವ ಪಾಳಿ ಬಂದಿದೆ. ಮುಂದಿನ ಭಾನುವಾರದ ಸಭೆಗೆ ನಿಮ್ಮ ಕಾಗದಗಳೊಡನೆ ಬನ್ನಿರಿ.